ಪಾಲಿನ ಮಾತ್ರೆ

"ಇದು ನಿಮ್ಮದಲ್ಲ ಮೇಸ್ತ್ರಿ," ಅಂದರು ಡಾಕ್ಟರಮ್ಮ.

"ನನ್ನದೇ ತಾಯಿ. ಬೆಳಗ್ಗೆ ಎದ್ದ ತಕ್ಷಣ ಹಿಡಿದಿದ್ದು. ಇನ್ನೂ ಬೆಚ್ಚಗಿದೆ ನೋಡಿ."

"ಮುಟ್ಟಿ ಬೇರೆ ನೋಡ್ಬೇಕಾ ನಾನು?"

ಮೇಸ್ತ್ರಿ ಮಾವ ತಲೆ ತಗ್ಗಿಸಿದರು. ಮೇಜಿನ ಮೇಲೆ ಕೆಮ್ಮಿನ ಔಷಧಿಯ ಹಳೇ ಬಾಟಲಿ. ಒಳಗೆ ಹಾಲು ಹಾಕದ ಟೀಯ ಬಣ್ಣದ ಮೂತ್ರ. ಡಾಕ್ಟರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಾವನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಕಣ್ಣು ಸುಣ್ಣದ ಗೋಡೆಯಷ್ಟು ಬೆಳ್ಳಗಿತ್ತು. ಒಂದು ಪ್ಲಾಸ್ಟಿಕ್ ಲೋಟ ಕೊಟ್ಟರು.

"ಬಾತ್‌ರೂಮು ಅಲ್ಲೇ ಇದೆ. ಇನ್ನೊಂದು ಸಲ ಹಿಡ್ಕೊಂಡು ಬನ್ನಿ."

ಮಾವ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಲೋಟದಲ್ಲಿದ್ದದ್ದು ನಲ್ಲಿ ನೀರಿನಷ್ಟು ತಿಳಿ.

"ದಾರೀಲಿ ನೀರು ಜಾಸ್ತಿ ಕುಡಿದ್ಬಿಟ್ಟೆ ತಾಯಿ," ಅಂದರು.

ಬೇರೆ ದಿನವಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಅವತ್ತು ಬಾಗಿಲಿಗೆ ಒರಗಿ ನಿಂತಿದ್ದೆ, ಅಷ್ಟೆ. ಹೊರಗೆ ಬೆಂಚಿನ ಮೇಲೆ ನನ್ನ ಗಂಡ ಕೂತಿದ್ದ. ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ಕೈ ಕಾಲು ಪರಪರ ಕೆರೆದುಕೊಳ್ಳುತ್ತಾ. ಬಾಟಲಿಯಲ್ಲಿದ್ದದ್ದು ಅವನದು.

ಇದನ್ನು ಮೊದಲಿನಿಂದ ಹೇಳದಿದ್ದರೆ ನಾವು ಹುಚ್ಚರ ಹಾಗೆ ಕಾಣುತ್ತೇವೆ.

ನಾವು ಔಷಧಿ ಕಂಪನಿಯ ಅಂಗಳದಲ್ಲಿ ಮೂಟೆ ಇಳಿಸುವವರು. ಲಾರಿಗಳಲ್ಲಿ ಒಣಗಿದ ಬೇರು, ತೊಗಟೆ, ಸೊಪ್ಪು ಬರುತ್ತದೆ. ಗಂಡಸರು ಇಳಿಸಿ ಗೋದಾಮಿನಲ್ಲಿ ಜೋಡಿಸುತ್ತಾರೆ. ನಾನು ಹರಿದ ಗೋಣಿ ಹೊಲಿಯುತ್ತೇನೆ. ಕೈಯಲ್ಲಿ ಸದಾ ದಬ್ಬಣ ಇರುವುದರಿಂದ ಎಲ್ಲರ ಬಾಯಲ್ಲೂ ನಾನು ದಬ್ಬಣದಕ್ಕ. ನನ್ನ ನಾಲಿಗೆ ನೋಡಿ ಆ ಹೆಸರಿಟ್ಟಿದ್ದು ಅಂತ ನನ್ನ ಗಂಡ ಹೇಳುತ್ತಾನೆ. ಅವನ ಮಾತನ್ನು ಯಾರು ನಂಬುತ್ತಾರೆ.

ಈಚೆಗೆ ಬರುವುದೆಲ್ಲ ಕೀಲುಬಳ್ಳಿ. ಕೀಲು ಹಿಡಿದವರಿಗೆ ಹಿಂದಿನವರು ಇದರ ಎಲೆ ಬೆಚ್ಚಗೆ ಮಾಡಿ ಕಟ್ಟುತ್ತಿದ್ದರು. ಕಂಪನಿಯವರು ಅದರ ಸತ್ವ ತೆಗೆದು ಮಂಡಿ ನೋವಿಗೆ ಮಾತ್ರೆ ಮಾಡಲು ಹೊರಟಿದ್ದರು. ಸೊಪ್ಪು ಹಗುರ ಅಂತ ನೀವು ಅಂದುಕೊಳ್ಳಬಹುದು. ಯಂತ್ರದಲ್ಲಿ ಒತ್ತಿ ತುಂಬಿದ ಸೊಪ್ಪಿನ ಮೂಟೆ ಒಮ್ಮೆ ತಲೆ ಮೇಲೆ ಇಟ್ಟುಕೊಂಡು ನೋಡಿ. ಕತ್ತು ಭುಜದೊಳಗೆ ಇಳಿಯುತ್ತದೆ. ಲಾರಿಯಿಂದ ನೆಲಕ್ಕೆ ಒಂದು ಹಲಗೆ. ಹಲಗೆ ಬಾಗುತ್ತದೆ, ಅದು ಬಾಗಿದಾಗ ಮಂಡಿ ಬಾಗಬಾರದು. ಬಾಗಿದರೆ ಮುಗಿಯಿತು. ಸೊಪ್ಪಿನ ಧೂಳು ಮೂಗಿಗೆ, ಗಂಟಲಿಗೆ, ಬೆವರಿಗೆ. ಸಂಜೆ ಉಗುಳಿದರೆ ಹಸಿರು.

ಮಂಡಿ ನೋವಿನ ಮದ್ದು ಹೊತ್ತು ಹೊತ್ತೇ ನಮ್ಮವರ ಮಂಡಿ ಹೋಯಿತು. ಈ ಮಾತು ಮೊದಲು ಹೇಳಿದವನು ರೇಡಿಯೊ. ಅವನೂ ನಮ್ಮ ಗುಂಪಿನವನೇ. ಮೂಟೆ ಹೊತ್ತಾಗಲೂ ಬಾಯಿ ಮುಚ್ಚದವನು.

ಒಂದು ದಿನ ಮ್ಯಾನೇಜರ್ ಅಂಗಳಕ್ಕೆ ಬಂದರು. ಮಾತ್ರೆ ತಯಾರಾಗಿದೆ, ಮನುಷ್ಯರ ಮೇಲೆ ಪರೀಕ್ಷೆ ಮಾಡಬೇಕು ಅಂದರು. "ಮಂಡಿ ನೋವಿರೋರು ಬೇಕು."

"ಮಂಡಿ ನೋವಿಲ್ಲದೋರು ಬೇಕು ಅಂದಿದ್ರೆ ಹುಡುಕ್ಬೇಕಿತ್ತು ಸಾರ್. ಇದಕ್ಕೇನು, ಎಲ್ಲರನ್ನೂ ಲಾರಿಗೆ ತುಂಬ್ಕೊಂಡು ಹೋಗಿ," ಅಂದ ರೇಡಿಯೊ.

ಎಲ್ಲರೂ ಹೋದರು. ಎಲ್ಲರ ರಕ್ತ ತೆಗೆದರು. ಕೊನೆಗೆ ಆರಿಸಿದ್ದು ನಮ್ಮ ಗುಂಪಿನ ಹಿರಿಯ, ನಾವೆಲ್ಲ ಮಾವ ಅನ್ನುವ ಮೇಸ್ತ್ರಿ ಒಬ್ಬರನ್ನೇ. ನನ್ನ ಗಂಡನಿಗೆ ನರ್ಸು, "ನೀನು ಬೇಡ," ಅಂದಳಂತೆ. ಯಾಕೆ ಅಂತ ಕೇಳಿದ್ದಕ್ಕೆ, "ಬೇಡ ಅಂದ್ರೆ ಬೇಡ, ಮುಂದಿನವರು ಬನ್ನಿ," ಅಂದಳಂತೆ. ಮನೆಗೆ ಬಂದವನು ಮುಖ ಊದಿಸಿಕೊಂಡು ಕೂತ. "ರಕ್ತ ಎಳ್ಕೊಂಡ್ರು, ಹತ್ತಿ ಒತ್ತಿದ್ರು, ಬೇಡ ಅಂದ್ರು. ಹೆಣ್ಣು ನೋಡೋಕೆ ಬಂದೋರು ಕೂಡ ಕಾಫಿ ಕುಡಿದಾದ್ರೂ ಹೋಗ್ತಾರೆ," ಅಂದ. ನಾನು ನಕ್ಕೆ. ಅವನೂ ನಕ್ಕ. ನೋವು ಮಾತ್ರ ಹಾಗೇ ಉಳಿಯಿತು.

ಈಗ ನಮ್ಮ ಗುಂಪಿನ ಒಂದು ಕಟ್ಟಳೆ ಹೇಳಬೇಕು. ಒಬ್ಬನಿಗೆ ಬಂದದ್ದು ಎಲ್ಲರದ್ದು. ಕೂಲಿ ಹಾಗೇ, ಟೀ ಹಾಗೇ, ಲಾರಿ ಡ್ರೈವರ್ ಖುಷಿಯಿಂದ ಕೊಟ್ಟ ಒಂದು ಬನ್ನು ಕೂಡ ಹಾಗೇ. ಇದು ಒಳ್ಳೆಯತನ ಅಲ್ಲ, ಕೆಲಸ ನಡೆಯುವುದೇ ಹೀಗೆ. ಬಚ್ಚಿಟ್ಟುಕೊಂಡು ತಿಂದವನು ನಾಳೆ ಹಲಗೆಯ ಮೇಲೆ ತೂರಾಡಿದಾಗ ಯಾರೂ ಓಡಿ ಬರುವುದಿಲ್ಲ.

ಹಾಗಾಗಿ ಮೇಸ್ತ್ರಿ ಮಾವ ಮಾತ್ರೆಯ ಡಬ್ಬಿಯನ್ನು ಮಧ್ಯಾಹ್ನದ ಬುತ್ತಿಯ ಜೊತೆ ನಡುವೆ ಇಟ್ಟರು. "ನನಗೊಬ್ಬನಿಗೇನಾ ಮಂಡಿ ಇರೋದು?" ಅಂದರು. ಯಾರಿಗೂ ಇದು ತಪ್ಪು ಅಂತ ಹೊಳೆಯಲಿಲ್ಲ. ಇವತ್ತು ಒಬ್ಬನಿಗೆ, ನಾಳೆ ಒಬ್ಬನಿಗೆ. ಸರದಿ. ಆದರೆ ನನ್ನ ಗಂಡನ ನೋವು ಎಲ್ಲರಿಗಿಂತ ದೊಡ್ಡದು. ಅವನು ಮೂಟೆ ಹೊತ್ತು ಇಳಿಯುವಾಗ ಮಂಡಿ ಕಟಕಟ ಅನ್ನುವುದು ನಾನು ಗೋಣಿ ಹೊಲಿಯುವ ಕಡೆಗೆ ಕೇಳುತ್ತಿತ್ತು. "ನಂದು ಅವನಿಗೆ ಕೊಡಿ ಮಾವ," ಅಂದ ರೇಡಿಯೊ. "ನಂದೂ ಅವನಿಗೇ," ಅಂದರು ಉಳಿದವರು. ಮಾವ ತಮ್ಮ ಪಾಲನ್ನೂ ಅವನ ಅಂಗೈಗೇ ಹಾಕಿದರು. ಅವನು ಬೇಡ ಬೇಡ ಅಂದ. ಅವರು ಬೈದು ತಿನ್ನಿಸಿದರು.

ಪ್ರೀತಿಯಿಂದ ತಿನ್ನಿಸಿದರು. ನಾನು ಯಾರನ್ನೂ ದೂರುವುದಿಲ್ಲ.

ಅವನ ನೋವು ಇಳಿಯಿತು, ಸುಳ್ಳು ಹೇಳಬಾರದು. ಎಷ್ಟೋ ಕಾಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡ. ಪರೀಕ್ಷೆ ನೋಡಿಕೊಳ್ಳುವ ಕಂಪನಿಯ ಡಾಕ್ಟರಮ್ಮ ಮಾವನನ್ನು ವಾರ ವಾರ ಕರೆದು, "ಹೇಗಿದೆ ಮೇಸ್ತ್ರಿ?" ಅಂತ ಕೇಳುತ್ತಿದ್ದರು. "ಬಹಳ ಗುಣ ತಾಯಿ," ಅನ್ನುತ್ತಿದ್ದರು ಮಾವ. ರಕ್ತ ತೆಗೆದು ನೋಡಿದರೆ ಯಾವ ದೋಷವೂ ಇಲ್ಲ. ಎಲ್ಲಿಂದ ಬರಬೇಕು? ಅವರು ತಿಂದಿದ್ದರೆ ತಾನೆ. ಮಾತ್ರೆ ನನ್ನ ಗಂಡನ ಹೊಟ್ಟೆಗೆ ಹೋಯಿತು, ಅದರ ಒಳ್ಳೆಯ ಹೆಸರು ಮಾವನ ರಕ್ತದಿಂದ ಬಂತು.

ಆಮೇಲೆ ವಾಂತಿ ಶುರುವಾಯಿತು. ಅನ್ನದ ವಾಸನೆ ಬಂದರೆ ಎದ್ದು ಹೊರಗೆ ಓಡುತ್ತಿದ್ದ. ಮೈಯೆಲ್ಲ ಕಡಿತ. ಬಿಸಿಲಿಗೆ ಇರಬೇಕು ಅಂದುಕೊಂಡೆವು. ಒಂದು ಬೆಳಗ್ಗೆ ಮುಖ ತೊಳೆದು ನನ್ನ ಕಡೆ ತಿರುಗಿದ. ಕಣ್ಣು ಪೂರ್ತಿ ಅರಿಶಿನ.

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ನಿದ್ದೆಗೆಟ್ಟ ಹುಡುಗ. ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಿದ್ದ. ಹೊಟ್ಟೆ ಒತ್ತಿ ನೋಡಿ, "ಲಿವರ್ ಹೋಗ್ತಾ ಇದೆ. ಏನು ತಿಂದಿದ್ರು?" ಅಂದ. ಮಾತ್ರೆಯ ಡಬ್ಬಿ ತೋರಿಸಿದೆ. ಹೆಸರಿಲ್ಲ. ಬರೀ ಒಂದು ನಂಬರು.

"ಇದರಲ್ಲಿ ಏನಿದೆ ಅಂತ ಗೊತ್ತಾಗ್ಬೇಕಕ್ಕ. ಗೊತ್ತಾದ್ರೆ ಅದಕ್ಕೆ ತಕ್ಕ ಮದ್ದು ಕೊಡೋಕೆ ನೋಡ್ತೀನಿ. ಇಲ್ಲಾಂದ್ರೆ ನಾನು ಕೊಡೋದೆಲ್ಲ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಕಂಪನಿಯವರನ್ನ ಕೇಳಿ ಬನ್ನಿ. ಬೇಗ."

ಮೇಸ್ತ್ರಿ ಮಾವನಿಗೆ ಒಂದು ಮಾತು ನೆನಪಿತ್ತು. ಪರೀಕ್ಷೆಗೆ ಸೇರಿಸಿಕೊಳ್ಳುವಾಗ ಹೇಳಿದ್ದರಂತೆ. ಕೆಲವರ ಡಬ್ಬಿಯಲ್ಲಿ ನಿಜವಾದ ಮಾತ್ರೆ, ಕೆಲವರ ಡಬ್ಬಿಯಲ್ಲಿ ಬರೀ ಹಿಟ್ಟು. ನಿಜವಾದದ್ದರಲ್ಲೂ ಹೆಚ್ಚು ಕಡಿಮೆ ಇದೆ, ಬಳ್ಳಿಯ ಜೊತೆ ಬೇರೆ ಏನೇನೋ ಸೇರಿಸಿದ್ದೂ ಇದೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲ. ಅದು ಮೊಹರು ಹಾಕಿದ ಲಕೋಟೆಯಲ್ಲಿ ಇರುತ್ತದೆ. ನಿಮಗೇನಾದರೂ ಅಪಾಯ ಆದರೆ ತಕ್ಷಣ ಒಡೆದು ನೋಡುತ್ತೇವೆ.

"ಅಂದ್ರೆ ನನಗೆ ಅಪಾಯ ಆಗ್ಬೇಕು. ಅಷ್ಟೇ ತಾನೆ?" ಅಂದರು ಮಾವ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರೆ," ಅಂದ ರೇಡಿಯೊ. "ಇಲ್ಲಿ ಎಮ್ಮೆನೇ ಬರೆ ಹಾಕಿ ಅಂತ ಬೆನ್ನು ಕೊಡೋಕೆ ಹೊರಟಿದೆ."

ಹೀಗೆ ಆ ಬಾಟಲಿ ಡಾಕ್ಟರಮ್ಮನ ಮೇಜಿಗೆ ಬಂತು. ಸುಳ್ಳು ಹೇಳಿ ರೂಢಿಯಿಲ್ಲದವರು ಹೇಳುವ ಸುಳ್ಳು ಅಷ್ಟೇ ದೂರ ಹೋಗುತ್ತದೆ.

"ಅದು ನನ್ನ ಗಂಡನದ್ದು ಕಣಮ್ಮ," ಅಂದೆ ನಾನು. "ಮಾತ್ರೆ ತಿಂದೋನು ಅವನು."

ಎಲ್ಲ ಹೇಳಿದೆ. ಬುತ್ತಿ, ಸರದಿ, ಎಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರು ಕೆಟ್ಟವರಲ್ಲ. ಎದ್ದು ಹೊರಗೆ ಬಂದರು, ಅವನನ್ನು ತಾವೇ ಹಿಡಿದು ಒಳಗೆ ಕರೆತಂದರು. ಕಣ್ಣು ನೋಡಿದರು. ಆಮೇಲೆ ಮುಖ ನೋಡಿದರು. ಬಹಳ ಹೊತ್ತು ಮುಖವನ್ನೇ ನೋಡಿದರು.

"ಇವರನ್ನ ನಾವೇ ಬೇಡ ಅಂದಿದ್ವಲ್ಲ?"

"ಹೌದು."

"ಲಿವರ್ ಸರಿ ಇರ್ಲಿಲ್ಲ ಅಂತಾನೇ ಬೇಡ ಅಂದಿದ್ದು. ರಕ್ತದಲ್ಲಿ ಆಗಲೇ ಗೊತ್ತಾಗಿತ್ತು."

ನನ್ನ ಗಂಡ ಅವರ ಮಾತು ಅರ್ಥವಾಗದವನ ಹಾಗೆ ನನ್ನ ಕಡೆ ನೋಡಿದ.

"ನಮಗೆ ಹೇಳ್ಲಿಲ್ವಲ್ಲಮ್ಮ," ಅಂದೆ.

"ಆಯ್ಕೆ ಆಗದವರಿಗೆ ಕಾರಣ ಹೇಳೋ ಪದ್ಧತಿ ಇಲ್ಲ."

"ರಕ್ತ ತಗೊಳ್ಳೋ ಪದ್ಧತಿ ಇದೆ."

ಅವರು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

"ಒಂದು ಮಾತು, ಅಮ್ಮ. ನಿನ್ನ ಲಿವರ್ ಸರಿ ಇಲ್ಲಪ್ಪ ಅಂತ ಒಂದು ಮಾತು. ಅಷ್ಟು ಹೇಳಿದ್ರೆ ಇವನು ಮಾತ್ರೆ ಇರ್ಲಿ, ಮಾತ್ರೆ ಡಬ್ಬಿ ಕೂಡ ಮುಟ್ತಿರ್ಲಿಲ್ಲ. ಇವನು ಹೆದರುಪುಕ್ಕಲ. ನೆಗಡಿ ಬಂದ್ರೆ ಸ್ನಾನ ಬಿಡೋನು."

"ನಾನೇನೂ ಹೆದರುಪುಕ್ಕಲ ಅಲ್ಲ," ಅಂದ ನನ್ನ ಗಂಡ, ಮೆಲ್ಲಗೆ.

"ನೀನು ಸುಮ್ಮನಿರು." ನಾನು ಡಾಕ್ಟರಮ್ಮನ ಕಡೆ ತಿರುಗಿದೆ. "ಆಯ್ತು. ಆಗಿದ್ದು ಆಯ್ತು. ಈಗ ಆ ಲಕೋಟೆ ಒಡೀರಿ. ಇವನು ತಿಂದಿದ್ದು ಏನು ಅಂತ ಹೇಳಿ. ಅಲ್ಲಿ ಆ ಹುಡುಗ ಡಾಕ್ಟರು ಕಾಯ್ತಾ ಇದ್ದಾನೆ."

"ನನ್ನ ಕೈಯಲ್ಲಿಲ್ಲಮ್ಮ. ಪರೀಕ್ಷೆಯಲ್ಲಿ ಇರೋದು ಮೇಸ್ತ್ರಿ. ಅವರಿಗೆ ಆಗಿದ್ರೆ ಈ ಕ್ಷಣ ಒಡೀಬಹುದಿತ್ತು. ಇವರು ನಮ್ಮ ಲೆಕ್ಕದಲ್ಲೇ ಇಲ್ಲ."

ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮಕ್ಕಳು ಬೀದಿಯಲ್ಲಿ ಆಡುವಾಗ ಅನ್ನುತ್ತಾರೆ. ಚಿಕ್ಕವನನ್ನು ಆಟಕ್ಕೆ ಸೇರಿಸಿಕೊಂಡ ಹಾಗೂ ಇರಬೇಕು, ಸೇರಿಸಿಕೊಳ್ಳದ ಹಾಗೂ ಇರಬೇಕು. ಅಲ್ಲಿ ಸೋತರೆ ಚಿಕ್ಕವನಿಗೆ ಏನೂ ಆಗುವುದಿಲ್ಲ. ಅದು ಮಕ್ಕಳ ನ್ಯಾಯ.

"ಮೇಲಿನವರನ್ನ ಕೇಳ್ತೀನಿ," ಅಂದರು ಡಾಕ್ಟರಮ್ಮ. ಕೇಳಿದರು ಕೂಡ. ಮೇಲಿನವರ ಉತ್ತರ ಮಾರನೆಯ ದಿನ ಬಂತು. ಮಾತ್ರೆ ಹಂಚಿ ನಿಯಮ ಮುರಿದದ್ದಕ್ಕೆ ಮೇಸ್ತ್ರಿಯನ್ನು ಪರೀಕ್ಷೆಯಿಂದ ತೆಗೆಯಲಾಗಿದೆ. ಲಕೋಟೆಯ ಬಗ್ಗೆ ಒಂದು ಮಾತೂ ಇಲ್ಲ. ಈಗ ನಮ್ಮ ಅಂಗಳದಲ್ಲಿ ಯಾರಿಗೆ ಏನಾದರೂ ಯಾರ ಲೆಕ್ಕಕ್ಕೂ ಬರುವ ಹಾಗಿರಲಿಲ್ಲ.

ಅವತ್ತೇ ಮ್ಯಾನೇಜರ್ ನಾನು ಗೋಣಿ ಹೊಲಿಯುವ ಮೂಲೆಗೆ ಬಂದರು. ಯಾವತ್ತೂ ಬಂದವರಲ್ಲ. ಕೂರಲು ಜಾಗ ಹುಡುಕಿದರು. ಸಿಗದೆ ಮೂಟೆಯ ಮೇಲೆ ಕರವಸ್ತ್ರ ಹಾಸಿ ಕೂತರು.

"ನೋಡಮ್ಮಾ, ನಾವೂ ಮನುಷ್ಯರೇ," ಅಂದರು.

ಹೀಗೆ ಯಾರಾದರೂ ಮಾತು ಶುರು ಮಾಡಿದರೆ ನಾನು ದಬ್ಬಣ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಮನುಷ್ಯರಾದವರು ಅದನ್ನು ಹೇಳಿಕೊಳ್ಳುವುದಿಲ್ಲ.

"ನಿನ್ನ ಗಂಡನ್ನ ನಮ್ಮ ದೊಡ್ಡ ಆಸ್ಪತ್ರೆಗೆ ಸೇರಿಸ್ತೀವಿ. ಒಳ್ಳೇ ಬೆಡ್ಡು, ಒಳ್ಳೇ ಡಾಕ್ಟರು. ಖರ್ಚೆಲ್ಲ ನಮ್ಮದು. ನೀನು ಒಂದು ಮಾತು ಹೇಳ್ಬೇಕು. ಅವನು ಮೂಟೆಯಿಂದ ಬಿದ್ದ ಸೊಪ್ಪು ಮನೆಗೆ ತಂದು, ನಾಟಿ ಮದ್ದು ಅಂತ ಕಷಾಯ ಮಾಡ್ಕೊಂಡು ಕುಡೀತಿದ್ದ ಅಂತ."

"ಕುಡೀಲಿಲ್ವಲ್ಲ ಸಾರ್. ನಾವು ಅದನ್ನ ಕಟ್ತೀವಿ. ಕುಡಿಯಲ್ಲ."

"ಗೊತ್ತು. ಆದ್ರೂ ಹೇಳು. ಫೋನಲ್ಲಿ ರೆಕಾರ್ಡ್ ಮಾಡ್ಕೋತೀವಿ, ಅಷ್ಟೇ. ಕೋರ್ಟಿಲ್ಲ, ಪೊಲೀಸಿಲ್ಲ. ಎರಡು ನಿಮಿಷದ ಕೆಲಸ. ಯೋಚನೆ ಮಾಡು. ಬಹಳ ಯೋಚನೆ ಮಾಡೋಕೆ ಅವನಿಗೆ ಟೈಮಿಲ್ಲ."

ಎದ್ದು ಕರವಸ್ತ್ರ ಕೊಡವಿ ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದೆ. ನಮ್ಮದು ಒಂದೇ ಕೋಣೆ. ಅವನು ಬಾಗಿಲ ಬೆಳಕಿಗೆ ಬೆನ್ನು ಹಾಕಿ ಮಲಗಿದ್ದ. ಬೆಳಕು ನೋಡಿದರೆ ಕಣ್ಣು ಉರಿಯುತ್ತದಂತೆ. ಹೊಟ್ಟೆ ಊದಿತ್ತು. ಕಾಲು ಕಡ್ಡಿಯಾಗಿತ್ತು. ಆ ಕಾಲಿನ ಮಂಡಿ ಈಗ ನೋಯುತ್ತಿರಲಿಲ್ಲ.

ಮ್ಯಾನೇಜರ್ ಹೇಳಿದ್ದನ್ನು ಹೇಳಿದೆ.

"ಬೇಡ," ಅಂದ.

"ಏನು ಬೇಡ?"

"ಸೊಪ್ಪು ಕುಡಿದ ಅಂದ್ರೆ ಎಲ್ಲಿಂದ ಬಂತು ಸೊಪ್ಪು? ಮೂಟೆಯಿಂದ. ಮೂಟೆಯಿಂದ ಬಂತು ಅಂದ್ರೆ ಕದ್ದ ಅಂತಾಯ್ತು. ನಾಳೆಯಿಂದ ಗೇಟಲ್ಲಿ ಎಲ್ಲರ ಬಟ್ಟೆ ಬಿಚ್ಚಿಸಿ ನೋಡ್ತಾರೆ."

"ಈಗೇನು ಹೂವಿನ ಹಾರ ಹಾಕಿ ಕಳಿಸ್ತಾ ಇದ್ದಾರಾ? ನೋಡ್ಲಿ ಬಿಡು."

"ಮಾವನ್ನ ಕಳ್ಳರ ಮೇಸ್ತ್ರಿ ಅಂತಾರೆ ಕಣೇ."

"ಅನ್ಲಿ. ಮಾವನ್ನ ಕೇಳು. ನೀನು ಬದುಕ್ತೀಯ ಅಂದ್ರೆ ಕಳ್ಳ ಅಂತ ಹಣೆ ಮೇಲೆ ಹಚ್ಚೆ ಹಾಕಿಸ್ಕೋತಾರೆ ಅವರು."

"ಅದಕ್ಕೇ ಬೇಡ ಅಂದಿದ್ದು."

ನನಗೆ ಸಿಟ್ಟು ಬಂತು. ಸಾಯುವವನ ಮೇಲೆ ಸಿಟ್ಟು ಬರುತ್ತದೆ. ಬರುವುದಿಲ್ಲ ಅನ್ನುವವರು ಅಂಥವನನ್ನು ನೋಡಿಕೊಂಡಿಲ್ಲ.

"ನಿನಗೆ ನಿನ್ನ ಮಾನದ್ದೇ ಯೋಚನೆ. ನನ್ನನ್ನ ಕಳ್ಳನ ಹೆಂಡತಿ ಅಂದ್ರೂ ಹೆಂಡತಿ ಅಂತಾರೆ. ನೀನು ಹೋದ ಮೇಲೆ ಏನಂತಾರೆ ಗೊತ್ತಾ? ಕೇಳಿದ್ದೀಯಾ ಯಾವತ್ತಾದ್ರೂ?"

ಅವನು ಗೋಡೆಯ ಕಡೆ ತಿರುಗಿದ. "ಬೆನ್ನು ಕೆರಿ," ಅಂದ. ಕೆರೆದೆ. ಚರ್ಮ ಉಗುರಿಗೆ ಪುಡಿಪುಡಿಯಾಗಿ ಬಂತು. ಕೆರೆಯುತ್ತಲೇ ತೀರ್ಮಾನ ಮಾಡಿದೆ. ಇವನನ್ನು ಕೇಳುವುದಿಲ್ಲ. ಹೋಗಿ ಹೇಳಿಬಿಡುತ್ತೇನೆ.

ಮ್ಯಾನೇಜರ್ ರೂಮು ತಣ್ಣಗಿತ್ತು. ಕಾಲಡಿ ಮೆತ್ತಗಿನ ಹಾಸು. ಚಪ್ಪಲಿ ಹೊರಗೆ ಬಿಟ್ಟು ಬಂದೆ. ಬಿಡಿ ಅಂತ ಯಾರೂ ಹೇಳಿರಲಿಲ್ಲ. ಗೋಡೆಯ ಮೇಲೆ ಕೀಲುಬಳ್ಳಿಯ ದೊಡ್ಡ ಬಣ್ಣದ ಚಿತ್ರ, ಎಲೆಯ ಮೇಲೆ ನೀರಿನ ಹನಿ. ನಾನು ಹಸಿ ಬಳ್ಳಿ ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಡಾಕ್ಟರಮ್ಮ ಒಂದು ಮೂಲೆಯಲ್ಲಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಮ್ಯಾನೇಜರ್ ಫೋನನ್ನು ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿದರು.

"ತಲೆ ಮೇಲೆತ್ತು. ಗಟ್ಟಿಯಾಗಿ ಮಾತಾಡು. ನನ್ನ ಗಂಡ ಕಂಪನಿಯ ಸೊಪ್ಪಿನ ಕಷಾಯ ಕುಡೀತಿದ್ದ. ಅಷ್ಟೇ ಸಾಕು."

ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆ ಬಂದಿತ್ತು.

"ಇದು ಹೇಳಿದ ಮೇಲೆ," ಅಂದೆ, "ನಿಮ್ಮ ದೊಡ್ಡಾಸ್ಪತ್ರೆ ಡಾಕ್ಟರಿಗೆ ಆ ಲಕೋಟೇಲಿ ಏನಿದೆ ಅಂತ ಹೇಳ್ತೀರಲ್ಲ?"

"ಯಾವ ಲಕೋಟೆ?"

"ಮಾತ್ರೇಲಿ ಏನಿದೆ ಅನ್ನೋ ಲಕೋಟೆ."

ಮ್ಯಾನೇಜರ್ ನಕ್ಕರು. ಸಣ್ಣ ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದರು. "ಮಾತ್ರೆ ತಿಂದೇ ಇಲ್ಲ ಅಂದ ಮೇಲೆ ಅದನ್ನ ಯಾಕಮ್ಮ ಹೇಳ್ಬೇಕು? ಸೊಪ್ಪು ಕುಡಿದಿದ್ದಾನೆ. ಸೊಪ್ಪು ಕುಡಿದವನಿಗೆ ಏನು ಕೊಡ್ಬೇಕೋ ಅದನ್ನ ಕೊಡ್ತಾರೆ."

ನನಗೆ ಓದು ಬರಹ ಅಷ್ಟಕ್ಕಷ್ಟೆ. ಅಂಗಡಿ ಸಾಮಾನು ಸುತ್ತಿ ಬಂದ ಕಾಗದ ಓದಿ ಓದಿ ಕಲಿತದ್ದು. ಆದರೆ ಇದಕ್ಕೆ ಓದು ಬೇಕಿರಲಿಲ್ಲ. ನಾನು ಆ ಮಾತು ಹೇಳಿದರೆ ನನ್ನ ಗಂಡ ಮೆತ್ತಗಿನ ಹಾಸಿಗೆಯಲ್ಲಿ ಮಲಗಿ ಸಾಯುತ್ತಾನೆ. ಹೇಳದಿದ್ದರೆ ಚಾಪೆಯ ಮೇಲೆ.

"ಹೇಳಮ್ಮ," ಅಂದರು.

"ನನ್ನ ಗಂಡ ಮಾತ್ರೆ ತಿಂದ," ಅಂದೆ.

"ಮತ್ತೆ. ಸರಿಯಾಗಿ ಹೇಳು."

"ನನ್ನ ಗಂಡ ಮಾತ್ರೆ ತಿಂದ. ನಿಮ್ಮ ಮಾತ್ರೆ. ಅವನ ಲಿವರ್ ಸರಿ ಇಲ್ಲ ಅಂತ ನಿಮಗೆ ಗೊತ್ತಿತ್ತು. ಹೇಳ್ಲಿಲ್ಲ."

"ಏಯ್, ಏನು ಆಟ ಆಡ್ತಿದ್ದೀಯಾ? ಅವನು ಸಾಯ್ತಾನೆ, ಗೊತ್ತಾಗುತ್ತಾ ನಿನಗೆ?"

"ಗೊತ್ತಾಗುತ್ತೆ. ಕದ್ದಿಲ್ಲ. ಕುಡಿದಿಲ್ಲ. ಮಾತ್ರೆ ತಿಂದ."

ಫೋನು ತೆಗೆದು ಜೇಬಿಗೆ ಹಾಕಿಕೊಂಡರು. "ಹೋಗು," ಅಂದರು. "ನಿನ್ನ ಹಣೇಬರಹ."

ಡಾಕ್ಟರಮ್ಮ ನನ್ನ ಹಿಂದೆಯೇ ಹೊರಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. "ನನ್ನ ಕೈಯಲ್ಲಿ ಇದ್ದಿದ್ರೆ," ಅಂದರು. ನಾನು ಚಪ್ಪಲಿ ಹಾಕಿಕೊಂಡೆ. ಅವರ ಕೈಯಲ್ಲಿ ಇರಲಿಲ್ಲ. ನನ್ನ ಕೈಯಲ್ಲೂ ಇರಲಿಲ್ಲ. ಇಬ್ಬರ ಕೈಯೂ ಖಾಲಿ. ಆದರೆ ಸಂಜೆ ಅವರು ಮನೆಗೆ ಹೋದಾಗ ಬಾಗಿಲು ತೆಗೆಯುವವನು ಇರುತ್ತಾನೆ.

ಗುಂಪಿಗೆ ಹೇಳಿದೆ. ಮಾವ ಮೂಟೆ ಹೊರಲು ತಲೆಗೆ ಸುತ್ತಿದ್ದ ಸಿಂಬಿ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

"ಲಕೋಟೆ ಒಡೆಯೋವರೆಗೂ ಆ ಬಳ್ಳಿ ಮೂಟೆ ಮುಟ್ಟಲ್ಲ," ಅಂದರು.

ಮಾರನೆಯ ದಿನ ಬೆಳಗ್ಗೆ ಲಾರಿ ಬಂತು. ನಮ್ಮವರು ಗೋದಾಮಿನ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ನನ್ನ ಗಂಡ ಒಬ್ಬನೇ ಮನೆಯಲ್ಲಿ ಇರಲಾರೆ ಅಂದಿದ್ದಕ್ಕೆ ಅವನನ್ನೂ ಎತ್ತಿಕೊಂಡು ಬಂದಿದ್ದರು. ಖಾಲಿ ಗೋಣಿ ಹಾಸಿ ನೆರಳಲ್ಲಿ ಮಲಗಿಸಿದ್ದೆವು. ಡ್ರೈವರ್ ಹಾರನ್ ಹೊಡೆದ. ಯಾರೂ ಏಳಲಿಲ್ಲ. ಮತ್ತೆ ಹೊಡೆದ.

ಮ್ಯಾನೇಜರ್ ಮೆಟ್ಟಿಲ ಮೇಲೆ ನಿಂತು ನೋಡಿದರು. ಕೂಗಾಡಲಿಲ್ಲ. "ಹೊಟ್ಟೆಗಿಲ್ಲದೋರಿಗೆ ಬರ ಇದೆಯಾ?" ಅಂದು ಒಳಗೆ ಹೋದರು.

ಬರ ಇರಲಿಲ್ಲ. ಬಿಸಿಲು ಏರುವ ಮೊದಲೇ ಒಂದು ಟೆಂಪೊ ಬಂತು. ಅದರಿಂದ ಇಳಿದವರು ನಮ್ಮ ಹಾಗೇ ಇದ್ದರು. ಅಂಗಿ ಹರಿದವರು. ನಮ್ಮನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡು ಲಾರಿಗೆ ಹಲಗೆ ಹಾಕಿದರು.

"ನಾಚಿಕೆ ಆಗಲ್ವೇನ್ರೋ?" ಅಂತ ಕೂಗಿದ ರೇಡಿಯೊ.

"ಆಗತ್ತಣ್ಣ," ಅಂದ ಅವರಲ್ಲಿ ಒಬ್ಬ. ಅಂದು ಲಾರಿ ಹತ್ತಿದ. ರೇಡಿಯೊಗೆ ಮತ್ತೆ ಮಾತು ಬರಲಿಲ್ಲ. ಅವನಿಗೆ ಮಾತು ಬರದಿದ್ದದ್ದು ನಾನು ನೋಡಿದ್ದು ಅದೇ ಮೊದಲು.

ನನ್ನ ಗಂಡ ಕಣ್ಣು ತೆರೆದ.

"ಯಾರದು?"

"ಬೇರೆಯವರು."

"ಇಳಿಸ್ತಿದ್ದಾರಾ?"

"ಹ್ಞೂಂ."

ಅವನು ಬಹಳ ಕಷ್ಟದಿಂದ ತಲೆ ಎತ್ತಿ ನೋಡಿದ. "ಅವರಿಗೆ ಅಭ್ಯಾಸ ಇಲ್ಲ ಕಣೇ. ಕಾಲಿಡೋದು ನೋಡು. ಹಲಗೆ ನಡುವಲ್ಲಿ ನಿಲ್ಲಬೇಡಿ ಅಂತ ಹೇಳು."

"ನೀನು ಮಲಗು. ಅವರ ಯೋಚನೆ ನಿನಗ್ಯಾಕೆ?"

"ಹೇಳೇ."

ನಾನು ಹೇಳಲಿಲ್ಲ.

ಮೊದಲನೆಯವನು ಹಲಗೆಯ ನಡುವಿಗೆ ಬಂದು ನಿಂತ. ಹಲಗೆ ಬಾಗಿತು. ಅವನ ಮಂಡಿಯೂ ಬಾಗಿತು. ಮೂಟೆ ಒಂದು ಕಡೆ ವಾಲಿ ಅವನನ್ನು ಎಳೆದುಕೊಂಡು ಕೆಳಗೆ ಬಿತ್ತು. ಅವನ ಎದೆಯ ಮೇಲೆ ಮೂಟೆ. ಕಾಲು ಮಾತ್ರ ಕಾಣುತ್ತಿತ್ತು. ಅವನ ಜೊತೆಯವರು ದಿಕ್ಕು ತೋಚದೆ ನಿಂತರು.

ನಮ್ಮವರು ಯಾವಾಗ ಎದ್ದರೋ ನಾನು ಕಾಣೆ. ಗೋಡೆಯ ಹತ್ತಿರ ನನ್ನ ಗಂಡ ಒಬ್ಬನೇ ಉಳಿದಿದ್ದ. ರೇಡಿಯೊ ಒಂದು ಕಡೆ, ಇನ್ನೊಬ್ಬ ಒಂದು ಕಡೆ ಹಿಡಿದು ಮೂಟೆಯನ್ನು ಎತ್ತಿ ಪಕ್ಕಕ್ಕೆ ನೆಲದ ಮೇಲೆ ಇಟ್ಟರು. ಬಿದ್ದವನು ಎದ್ದು ಕೂತು ಕೆಮ್ಮಿದ.

ಮೇಲೆ, ಲಾರಿಯ ಅಂಚಿನಲ್ಲಿ, ಎರಡನೆಯವನು ಮೂಟೆ ಹೊತ್ತು ನಿಂತಿದ್ದ. ಹಲಗೆ ಜಾರಿ ಬಿದ್ದಿತ್ತು. ಮುಂದೆ ಬರಲು ದಾರಿಯಿಲ್ಲ. ಒಬ್ಬನೇ ಇಳಿಸಿಕೊಳ್ಳಲು ಆಗುವುದಿಲ್ಲ. ಅವನ ಕತ್ತಿನ ನರ ಉಬ್ಬಿ, ಕಾಲು ಥರಥರ ನಡುಗುತ್ತಿತ್ತು.

ಮೇಸ್ತ್ರಿ ಮಾವ ಅವನನ್ನು ನೋಡಿದರು. ತಿರುಗಿ ನನ್ನ ಗಂಡನನ್ನು ನೋಡಿದರು. ಆಮೇಲೆ ಲಾರಿಯ ಹತ್ತಿರ ಹೋಗಿ ಎರಡೂ ಕೈ ಮೇಲೆತ್ತಿ ಆ ಮೂಟೆಯನ್ನು ತಮ್ಮ ತಲೆಯ ಮೇಲೆ ಇಳಿಸಿಕೊಂಡರು.